ಬಾಳೆ ಎಲೆಯ ಗಣಿತ, ಫೋನಿನ ಪರದೆ

ಮೊದಲ ಆ್ಯಪ್ ಕಟ್ಟಲು ಹೊರಟ ಓದುಗರೊಬ್ಬರ ಪ್ರಶ್ನೆ: "ಪರದೆಯ ಮೇಲೆ ಗುಂಡಿ, ಚಿತ್ರ, ಬರಹ ಜೋಡಿಸಲು ಕನ್‌ಸ್ಟ್ರೇಂಟ್‌ಲೇಔಟ್ ಕಲಿಯಲೋ, ಕಂಪೋಸ್ ಕಲಿಯಲೋ, ಫ್ಲಟರ್ ಹಿಡಿಯಲೋ?"

ಮೂರೂ ಪರದೆ ಜೋಡಿಸುವ ಸಲಕರಣೆಗಳೇ. ಉತ್ತರಕ್ಕೆ ಮೊದಲು ಹಬ್ಬದೂಟದ ಎಲೆಯನ್ನು ನೆನೆಯಿರಿ. ನಮ್ಮ ಕಡೆ ಉಪ್ಪು ಎಡತುದಿಗೆ, ಅದರ ಮಗ್ಗುಲಿಗೆ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಅನ್ನ ನಡುವೆ. ಉಪ್ಪಿಗೂ ಪಲ್ಯಕ್ಕೂ ಎಷ್ಟು ಇಂಚು ಅಂತರವೆಂದು ಬಡಿಸುವವರು ಅಳೆಯುವುದಿಲ್ಲ. ಯಾವುದರ ಪಕ್ಕ ಯಾವುದು ಎಂಬುದಷ್ಟೇ ಅವರಿಗೆ ಗೊತ್ತು. ಎಲೆ ಕಿರಿದಾದರೆ ಪಲ್ಯಗಳು ಒತ್ತೊತ್ತಾಗಿ ಕೂರುತ್ತವೆ, ಉಪ್ಪು ಮಾತ್ರ ಜಾಗ ಬಿಡುವುದಿಲ್ಲ. ಕೆಲವು ನಿಯಮ ಕಡ್ಡಾಯ, ಕೆಲವು ಆದಷ್ಟು ಮಟ್ಟಿಗೆ.

ಹೀಗೆ ನಿಯಮ ಹೇಳಿ ಜೋಡಿಸುವುದನ್ನು ಯಂತ್ರಕ್ಕೆ ಮೊದಲು ಕಲಿಸಿದವರಲ್ಲಿ ಇವಾನ್ ಸದರ್‌ಲ್ಯಾಂಡ್ ಪ್ರಮುಖರು. 1963ರಲ್ಲಿ ಎಂಐಟಿಯಲ್ಲಿ ಅವರು ರೂಪಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ ಬೆಳಕಿನ ಪೆನ್ನಿನಿಂದ ಗೆರೆ ಎಳೆದು, 'ಇವೆರಡೂ ಸಮಾಂತರವಾಗಿರಲಿ' ಎಂದರೆ ಯಂತ್ರವೇ ಅವನ್ನು ಹೊಂದಿಸುತ್ತಿತ್ತು. ಅದೇ ಹಾದಿಯಲ್ಲಿ ಅಲನ್ ಬೋರ್ನಿಂಗ್, ಗ್ರೆಗ್ ಬ್ಯಾಡ್ರೋಸ್, ಪೀಟರ್ ಸ್ಟಕಿ 1990ರ ದಶಕದಲ್ಲಿ ಕ್ಯಾಸೊವರಿ ಎಂಬ ಲೆಕ್ಕಾಚಾರ ಕೊಟ್ಟರು. ಹೆಸರು ಹಾರಲಾರದ ಹಕ್ಕಿಯದು. ಬೇರು ಮಾತ್ರ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಕಂಡುಕೊಂಡ ಸಿಂಪ್ಲೆಕ್ಸ್ ವಿಧಾನದಲ್ಲಿದೆ. ಕ್ಯಾಸೊವರಿಯ ಸೊಗಸೆಂದರೆ, ಒಂದು ನಿಯಮ ಬದಲಾದಾಗ ಲೆಕ್ಕವನ್ನು ಮೊದಲಿನಿಂದ ಮಾಡದೆ ಹಳೆಯ ಉತ್ತರವನ್ನೇ ತಿದ್ದಿಕೊಳ್ಳುತ್ತದೆ. ಆಪಲ್‌ನ ಆಟೋ ಲೇಔಟ್ 2012ರಲ್ಲಿ ಐಫೋನಿಗೆ ಬಂದದ್ದು ಈ ಗಣಿತದ ಮೇಲೆ ನಿಂತು. ಅದೇ ವರ್ಷ ಐಫೋನ್ 5ರ ಪರದೆ ಉದ್ದವಾಗಿ, ಅಳತೆ ಕೊರೆದಿಟ್ಟಿದ್ದ ಆ್ಯಪ್‌ಗಳ ಮೇಲೂ ಕೆಳಗೂ ಕಪ್ಪುಪಟ್ಟಿ ಕಾಣಿಸಿತು. 2016ರಲ್ಲಿ ಗೂಗಲ್‌ನ ಕನ್‌ಸ್ಟ್ರೇಂಟ್‌ಲೇಔಟ್ ಕೂಡ ಕ್ಯಾಸೊವರಿಯನ್ನೇ ಆಧರಿಸಿತು.

ಫ್ಲಟರ್, ಕಂಪೋಸ್‌ಗಳ ದಾರಿ ಬೇರೆ. ಹೊರಗಿನ ತಾಯಿಪೆಟ್ಟಿಗೆ ಒಳಗಿನ ಮಗುಪೆಟ್ಟಿಗೆಗೆ 'ಇಷ್ಟರೊಳಗೆ ಇರು' ಎನ್ನುತ್ತದೆ, ಮಗು ತನ್ನ ಗಾತ್ರ ಹೇಳುತ್ತದೆ, ಎಲ್ಲಿ ಕೂರಿಸುವುದೆಂದು ತಾಯಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಒಂದೇ ಸುತ್ತು. ಹಳೆಯ ಆಂಡ್ರಾಯ್ಡ್‌ನಲ್ಲಿ ಕೆಲವು ಪೆಟ್ಟಿಗೆಗಳು ಮಕ್ಕಳನ್ನು ಎರಡೆರಡು ಸಲ ಅಳೆಯುತ್ತಿದ್ದವು. ಅಂಥವನ್ನು ಒಂದರೊಳಗೊಂದು ಹತ್ತು ಹಂತ ಇಟ್ಟರೆ ಎಲ್ಲಕ್ಕಿಂತ ಒಳಗಿನ ಮಗುವಿಗೆ 1,024 ಅಳತೆ! ಫೋನ್ ತಡವರಿಸದೆ ಇನ್ನೇನು ಮಾಡೀತು?

'ಈ ಸಲಕರಣೆಯೇ ಎಲ್ಲಕ್ಕೂ ಮದ್ದು' ಎಂಬ ಪ್ರಚಾರವನ್ನು ನಾನು ನಂಬುವುದಿಲ್ಲ. ಹೊಸ ಆಂಡ್ರಾಯ್ಡ್ ಆ್ಯಪ್ ಆದರೆ ಕಂಪೋಸ್, ಐಫೋನಿಗೂ ಒಟ್ಟಿಗೇ ಬೇಕಾದರೆ ಫ್ಲಟರ್, ಹಳೆಯ ಆ್ಯಪ್ ರಿಪೇರಿಯಾದರೆ ಕನ್‌ಸ್ಟ್ರೇಂಟ್‌ಲೇಔಟ್: ಇದು ನನ್ನ ತೀರ್ಪು. ಆದರೆ ಕೈಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗುಂಡಿಯ ಮೇಲೆ 'ಸ್ತ್ರೀ', 'ರಾಷ್ಟ್ರೀಯ' ಎಂದು ಬರೆದು, ಫೋನಿನ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ. ಒತ್ತಕ್ಷರದ ಕಾಲು ತುಂಡಾದರೆ ತಪ್ಪು ಕನ್ನಡದ್ದಲ್ಲ, ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕಿದ ನಿಮ್ಮ ಕೋಡ್ ಸಾಲಿನದು. ಆ ಅಂಕಿಯನ್ನು ಅಳಿಸಿ.