ಕಲೆ ಹೋಗಲಿ, ಮಗು ಕ್ಷೇಮವಾಗಿರಲಿ

ಗೇರುಹಣ್ಣಿನ ಕಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಕಲೆಯಿಲ್ಲದ ಬಟ್ಟೆ ಸಿಗುವುದು ಅಪರೂಪ. ಗೇರಿನ ರಸ ಮುಗಿಯಿತೆನ್ನುವಾಗ ಹಲಸಿನ ಮೇಣ. ಮಳೆ ಹಿಡಿದರೆ ಮುರಕಲ್ಲು ಜಾಗದ ಕೆಂಪು ಕೆಸರು. ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತಿನ ನೀಲಿ. ಮನೆಯಲ್ಲಿ ಹಸುಗೂಸು ಇದ್ದರೆ ಕಕ್ಕಿದ ಹಾಲಿನ ಕಲೆ, ಅರಸಿನ ಎಣ್ಣೆಯ ಕಲೆ ಬೇರೆ. ಇವನ್ನೆಲ್ಲ ತೆಗೆಯಲು ನಾವು ಏನನ್ನು ಬಳಸುತ್ತೇವೆ, ಅದನ್ನು ಎಲ್ಲಿ ಇಡುತ್ತೇವೆ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳಿ ಮುಂದುವರಿಯುತ್ತೇವೆ. ಬಿಳಿ ಬಟ್ಟೆಗೆಂದು ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ತಂಪು ಪಾನೀಯದ ಖಾಲಿ ಬಾಟ್ಲಿಗೆ ತುಂಬಿಸಿ ಬಾವಿಕಟ್ಟೆಯ ಬದಿಯಲ್ಲಿ ಇಟ್ಟಿದ್ದೆವು. ಅಂಗಳದಲ್ಲಿ ಆಡುತ್ತಿದ್ದ ಎರಡು ವರ್ಷದ ಮೊಮ್ಮಗ ಅದನ್ನು ಶರಬತ್ತೆಂದು ತಿಳಿದು ಬಾಯಿಗೆತ್ತಿದ. ಮುಚ್ಚಳ ಬಿಗಿಯಾಗಿತ್ತು, ಅಷ್ಟೇ. ತಪ್ಪು ಮಗುವಿನದಲ್ಲ, ನಮ್ಮದು. ಆ ದಿನದಿಂದ ಒಗೆಯುವ ಕಲ್ಲಿನ ಬಳಿಯ ಸಾಮಾನುಗಳನ್ನೆಲ್ಲ ಹೊಸ ಕಣ್ಣಿನಿಂದ ನೋಡತೊಡಗಿದೆವು.

ಅಂಬೆಗಾಲಿಡುವ ಮಗು ನೆಲದಲ್ಲೇ ಇರುತ್ತದೆ. ನೆಲ ಮುಟ್ಟಿದ ಕೈ ಮರುಕ್ಷಣ ಬಾಯಿಗೆ ಹೋಗುತ್ತದೆ. ಬೆಕ್ಕು ತುಳಿದದ್ದನ್ನೆಲ್ಲ ಕಾಲು ನೆಕ್ಕಿ ಹೊಟ್ಟೆಗಿಳಿಸುತ್ತದೆ. ನಾಯಿ ಬಾಲ್ದಿಯ ನೀರನ್ನೇ ಕುಡಿಯುತ್ತದೆ. ಆದ್ದರಿಂದ ಇಂಥ ಮನೆಗಳಲ್ಲಿ ಕಲೆ ಬೇಗ ಹೋಗುತ್ತದೆಯೇ ಎಂಬುದಕ್ಕಿಂತ, ಉಳಿದ ಅಂಶ ಯಾರ ಬಾಯಿಗೆ ಹೋಗಬಹುದು ಎಂಬುದನ್ನು ಮೊದಲು ನೋಡಬೇಕು.

ಕಲೆಯ ಗುಣ ತಿಳಿಯಿರಿ

ಕಲೆಯ ಗುಣ ತಿಳಿದರೆ ಬಲವಾದ ಔಷಧಿ ಹೆಚ್ಚಾಗಿ ಬೇಕಾಗುವುದೇ ಇಲ್ಲ.

ಹಾಲು, ರಕ್ತ, ಮಲ: ಇವುಗಳಲ್ಲಿ ಪ್ರೋಟೀನ್ ಇದೆ. ಬಿಸಿನೀರು ತಾಗಿದರೆ ಮೊಟ್ಟೆ ಬೆಂದಂತೆ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಕೂಡಲೇ ತಣ್ಣೀರಿನಲ್ಲಿ ನೆನೆಸಿ, ಬಳಿಕ ಸಾಬೂನು ಹಚ್ಚಿ.

ಗೇರುಹಣ್ಣು, ಹಸಿ ಅಡಿಕೆ, ಬಾಳೆಯ ಸೊನೆ: ಇವು ಚೊಗರಿನ ಕಲೆಗಳು. ಮೊದಲೇ ಸಾಬೂನು ಅಥವಾ ಸೋಡಾ ಹಾಕಿದರೆ ಇನ್ನಷ್ಟು ಕಪ್ಪಾಗುತ್ತವೆ. ಒಣಗುವ ಮೊದಲೇ ನೀರಿನಲ್ಲಿ ತೊಳೆದು, ಲಿಂಬೆಹುಳಿಯ ರಸ ಹಚ್ಚಿ, ಚೆನ್ನಾಗಿ ಜಾಲಿಸಿ, ಆಮೇಲೆ ಸಾಬೂನು ಹಾಕಿ. ಒಣಗಿ ಹಳೆಯದಾದ ಬಾಳೆಸೊನೆಯ ಕಲೆ ಪೂರ್ತಿ ಹೋಗುವುದು ಕಷ್ಟ. ಅದರೊಡನೆ ಹೋರಾಡುವ ಬದಲು ಆ ಬಟ್ಟೆಯನ್ನು ತೋಟದ ಕೆಲಸಕ್ಕೆ ಮೀಸಲಿಡುವುದು ಲೇಸು.

ಹಲಸಿನ ಮೇಣ: ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುತ್ತದೆ. ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಮೇಣ ಬಿಟ್ಟ ಮೇಲೆ ಎಣ್ಣೆಯನ್ನು ಸಾಬೂನಿನಿಂದ ತೆಗೆಯಿರಿ. ಚಿಮಿಣಿ ಎಣ್ಣೆ, ಪೆಟ್ರೋಲು, ತಿನ್ನರ್ ಬೇಡ.

ಅರಸಿನ: ಸಾಬೂನು ತಾಗಿದಾಗ ಕೆಂಪಾಗುತ್ತದೆ, ಹೆದರಬೇಡಿ. ಒಗೆದು ಒಳ್ಳೆಯ ಬಿಸಿಲಿಗೆ ಹಾಕಿ. ಅರಸಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಎರಡು ಮೂರು ಬಿಸಿಲಿನಲ್ಲಿ ತೆಳುವಾಗುವುದನ್ನು ನೀವೇ ಕಾಣುವಿರಿ.

ಕೆಂಪು ಮಣ್ಣು: ಇದರಲ್ಲಿರುವುದು ಕಬ್ಬಿಣದ ಅಂಶ, ಅಂದರೆ ತುಕ್ಕಿನ ಜಾತಿಯದೇ. ಬ್ಲೀಚಿನಿಂದ ಹೋಗದು. ಕೆಸರು ಒಣಗಲಿ, ಕೊಡವಿ ತೆಗೆಯಿರಿ, ಅನಂತರ ಒಗೆಯಿರಿ. ಮಗುವಿಗೆ ಕೊಡುವ ಕಬ್ಬಿಣಾಂಶದ ಹನಿ ಔಷಧಿಯ ಕಲೆಗೂ ಬ್ಲೀಚು ತಾಗಿಸಬಾರದು. ಬಿಳಿ ಬಟ್ಟೆಯಾದರೆ ಲಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡಿ.

ನಾಯಿ ಬೆಕ್ಕಿನ ಮೂತ್ರ: ಮೊದಲು ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ, ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ಪುನಃ ನೀರಿನಿಂದ ಒರೆಸಿ. ಅಮೋನಿಯಾ ಇರುವ ದ್ರಾವಣ ಬಳಸಿದರೆ ಅದರ ವಾಸನೆ ಮೂತ್ರದಂತೆಯೇ ಇರುವುದರಿಂದ ಪ್ರಾಣಿ ಅಲ್ಲೇ ಮತ್ತೆ ಹೊಯ್ಯುವುದುಂಟು.

ಯಾವ ಕಲೆಯೇ ಇರಲಿ, ಮಗುವಿನ ಬಟ್ಟೆಯನ್ನು ಒಂದು ಸಲ ಹೆಚ್ಚಾಗಿಯೇ ಜಾಲಿಸಿ. ನೂಲಿನಲ್ಲಿ ಉಳಿದ ಸಾಬೂನು ಪುಡಿಯೇ ಎಷ್ಟೋ ಸಲ ಎಳೆಯ ಚರ್ಮದ ತುರಿಕೆಗೆ ಕಾರಣ.

ಎಚ್ಚರ ಬೇಕಾದ ವಸ್ತುಗಳು

ಬ್ಲೀಚನ್ನು ಬಚ್ಚಲಿಗೆ ಹಾಕುವ ಆಸಿಡ್‌ನೊಡನೆ ಎಂದೂ ಬೆರೆಸಬೇಡಿ. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಲಿಂಬೆರಸ, ವಿನೆಗರುಗಳೂ ಹುಳಿಯೇ. ಬ್ಲೀಚಿನಲ್ಲಿ ನೆನೆದ ಬಟ್ಟೆಗೆ ಅವನ್ನು ಹಿಂಡಬಾರದು. ಮೂತ್ರದ ಮೇಲೆ ಬ್ಲೀಚು ಸುರಿದರೂ ಕೆಟ್ಟ ಅನಿಲ ಹುಟ್ಟುತ್ತದೆ.

ಮನೆಯಲ್ಲೇ ತೆಂಗಿನೆಣ್ಣೆಯ ಸಾಬೂನು ಮಾಡುವವರು ಕಾಸ್ಟಿಕ್ ಸೋಡಾವನ್ನು ಬೀಗ ಹಾಕುವಲ್ಲಿ ಇಡಿ. ಒಂದು ಗುಟುಕು ಸಾಕು, ಮಗುವಿನ ಅನ್ನನಾಳ ಸುಟ್ಟು ಜೀವಮಾನದ ಕಷ್ಟವಾಗುತ್ತದೆ. ತುಕ್ಕಿನ ಕಲೆಗೆ ಬಳಸುವ ಆಕ್ಸಾಲಿಕ್ ಆಸಿಡ್ ನೋಡಲು ಸಕ್ಕರೆಯಂತಿದ್ದರೂ ವಿಷ.

ನೆಲ ಒರೆಸುವ ಫಿನೈಲಿನಲ್ಲಿ ಫಿನಾಲ್ ಜಾತಿಯ ವಸ್ತು ಇದ್ದರೆ ಬೆಕ್ಕಿಗೆ ಅಪಾಯ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಕೋಶಕ್ಕೆ, ಅಂದರೆ ಲಿವರಿಗೆ, ತೀರ ಕಡಿಮೆ. ಒದ್ದೆ ನೆಲ ಒಣಗುವ ತನಕ ಅದನ್ನು ಹೊರಗಿಡಿ.

ಅಜ್ಜಿಯ ಹಳೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತೊಟ್ಟಿಲಿಗೆ ಹಾಕುವ ರೂಢಿ ನಮ್ಮಲ್ಲಿದೆ. ಅದರೊಳಗೆ ನ್ಯಾಫ್ತಲೀನ್ ಗುಳಿಗೆ ಇಟ್ಟಿದ್ದರೆ ಆ ಬಟ್ಟೆಯನ್ನು ಹಾಗೆಯೇ ಕೂಸಿಗೆ ಹೊದೆಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಇದರ ಆವಿಯೂ ರಕ್ತಕಣಗಳನ್ನು ಒಡೆದು ಕಾಮಾಲೆ ತರಬಹುದು. ಇಂಥ ಬಟ್ಟೆಗಳ ನಡುವೆ ಗುಳಿಗೆ ಇಡದಿರುವುದೇ ಕ್ಷೇಮ.

ನಾಡಿನ ವಸ್ತುವೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬೇಡಿ. ಅಂಟುವಾಳದ ನೊರೆ ಬಟ್ಟೆಗೆ ಮೃದು, ಆದರೆ ಕಣ್ಣಿಗೆ ಉರಿ. ತೋಡಿಗೆ ಬಿಟ್ಟರೆ ಮೀನು ಸಾಯುತ್ತದೆ. ನೀಲಗಿರಿ ಎಣ್ಣೆ ಕುಡಿದ ಮಗುವಿಗೆ ಫಿಟ್ಸ್ ಬರಬಹುದು.

ಮದ್ದು ಬಿಟ್ಟ ಬಟ್ಟೆ

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕುತ್ತೇವೆ. ಅದೇ ಬಟ್ಟೆಯಲ್ಲಿ ಒಳಗೆ ಬಂದು ಮಗುವನ್ನು ಎತ್ತಿಕೊಳ್ಳಬೇಡಿ. ಹೊರಗೇ ಕಳಚಿ, ಮೈ ತೊಳೆದು ಬನ್ನಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ನೆನೆಸಬಾರದು. ನೀಲಿ ಕಲೆಗೆ ವಿನೆಗರು ಬೆರೆಸಿದ ನೀರು ಸಾಕು. ಬಳಿಕ ಪ್ರತ್ಯೇಕವಾಗಿ ಒಗೆಯಿರಿ. ಬೇರೆ ಕೀಟನಾಶಕದ ಬಟ್ಟೆಗೂ ಇದೇ ಪ್ರತ್ಯೇಕತೆ ಇರಲಿ. ಒಗೆದ ನೀರನ್ನು ದನದ ಅಕ್ಕಚ್ಚಿನ ಬಾನಿಯ ಹತ್ತಿರ ಇಡಬೇಡಿ, ಬಾವಿಯ ಬದಿಗೆ ಚೆಲ್ಲಬೇಡಿ.

ಬಾಯಿಗೆ ಹೋದರೆ

ವಾಂತಿ ಮಾಡಿಸಬೇಡಿ. ಬ್ಲೀಚು, ಕಾಸ್ಟಿಕ್ ಸೋಡಾ ಮೇಲೆ ಬರುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತವೆ. ಚಿಮಿಣಿ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರು, ಲಿಂಬೆಪಾನಕ ಕುಡಿಸಬೇಡಿ. ಬಾಯಿ ಒರೆಸಿ, ತೊಳೆದು, ಬಾಟ್ಲಿಯನ್ನು ಜೊತೆಗೇ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದರೆ 15ರಿಂದ 20 ನಿಮಿಷ ಶುದ್ಧ ನೀರು ಹಾಯಿಸಿ, ಆಮೇಲೆ ವೈದ್ಯರಿಗೆ ತೋರಿಸಿ. ನಾಯಿ ಬೆಕ್ಕಿಗೂ ಮನೆಮದ್ದು ಮಾಡದೆ ಪಶುವೈದ್ಯರನ್ನು ಕೇಳಿ.

ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಬಾವಿಕಟ್ಟೆ, ಬಚ್ಚಲುಮನೆ, ಅಡುಗೆಮನೆಯ ಕಟ್ಟೆಯ ಅಡಿ, ಈ ಮೂರು ಕಡೆ ಕಣ್ಣು ಹಾಯಿಸಿ. ಕುಡಿಯುವ ಪಾನೀಯದ ಬಾಟ್ಲಿಯಲ್ಲಿ ಬೇರೇನಾದರೂ ಇದ್ದರೆ ಅದರ ಮೂಲ ಡಬ್ಬಿಗೆ ಹಿಂತಿರುಗಿಸಿ. ಮೂಲ ಡಬ್ಬಿ ಇಲ್ಲವಾದರೆ ಹೆಸರು ಬರೆದು, ಮಗುವಿನ ಕೈಗೆಟುಕದ ಎತ್ತರದಲ್ಲಿ ಬೀಗ ಹಾಕಿಡಿ. ಅಂಗಿಯಲ್ಲಿ ಒಂದು ಗೇರುಹಣ್ಣಿನ ಕಲೆ ಉಳಿದರೆ ಉಳಿಯಲಿ. ಅದನ್ನು ತೊಟ್ಟ ಮಗು ಅಂಗಳದಲ್ಲಿ ಓಡಾಡಿಕೊಂಡಿದ್ದರೆ ಸಾಕು.