ಒಂದು ತೊಟ್ಟು ಎಂಜಲು, ಇಡೀ ವಂಶದ ಗುಟ್ಟು

1987ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಸಮೀಪದ ಮೂರು ಹಳ್ಳಿಗಳ ಸುತ್ತಮುತ್ತ ಸುಮಾರು 5,000 ಗಂಡಸರು ತಾವಾಗಿಯೇ ಬಂದು ರಕ್ತವನ್ನೋ ಎಂಜಲನ್ನೋ ಪೊಲೀಸರಿಗೆ ಕೊಟ್ಟರು. ಅಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹದಿನೈದು ವರ್ಷದ ಇಬ್ಬರು ಹುಡುಗಿಯರು ಅತ್ಯಾಚಾರಕ್ಕೀಡಾಗಿ ಕೊಲೆಯಾಗಿದ್ದರು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡೂ ಇದ್ದ. ಆದರೆ ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದಿದ್ದ ಡಿಎನ್‌ಎ ಬೆರಳಚ್ಚಿನ ವಿಧಾನ ಬೇರೆಯೇ ಸಂಗತಿ ಹೇಳಿತು: ಎರಡೂ ಕೃತ್ಯ ಒಬ್ಬನವೇ, ಆದರೆ ಆತ ಈ ಹುಡುಗನಲ್ಲ. ಹುಡುಗ ಬಿಡುಗಡೆಯಾದ. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಹೆಸರಿನಲ್ಲಿ ಸಹೋದ್ಯೋಗಿಯಿಂದ ಮಾದರಿ ಕೊಡಿಸಿ ನುಣುಚಿಕೊಂಡಿದ್ದ. ಆ ಗುಟ್ಟು ಬಯಲಾದ ಮೇಲೆ ಸಿಕ್ಕಿಬಿದ್ದು, 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. ಅಪರಾಧ ತನಿಖೆಯಲ್ಲಿ ಡಿಎನ್‌ಎ ಮಾಡಿದ ಮೊದಲ ದೊಡ್ಡ ಕೆಲಸ ಒಬ್ಬ ನಿರಪರಾಧಿಯನ್ನು ಉಳಿಸಿದ್ದು. ಆ ಊರಿನವರಿಗೆ ತಮ್ಮ ಮಾದರಿಯನ್ನು ಯಾವ ಅಪರಾಧಕ್ಕಾಗಿ, ಯಾರನ್ನು ಹುಡುಕಲು ಕೇಳುತ್ತಿದ್ದಾರೆಂಬುದು ಸ್ಪಷ್ಟವಾಗಿತ್ತು. ಅಂದಿನಿಂದ ಇಂದಿನವರೆಗೂ ಡಿಎನ್‌ಎ ಸಂಗ್ರಹದ ಬಗ್ಗೆ ಜನಾಭಿಪ್ರಾಯ ನಿಂತಿರುವುದು ಈ ಸ್ಪಷ್ಟತೆಯ ಮೇಲೆಯೇ. ಜನರ ಒಪ್ಪಿಗೆ ಷರತ್ತಿನ ಒಪ್ಪಿಗೆ. ಆ ಷರತ್ತುಗಳು ವಿವೇಕದವು, ಕಾನೂನು ಅವನ್ನೇ ಅನುಸರಿಸಬೇಕು ಎಂಬುದು ಈ ಲೇಖನದ ವಾದ.

ಮೊದಲು, ಸಂಗ್ರಹದಲ್ಲಿ ಇರುವುದೇನು ಎಂಬುದನ್ನು ತಿಳಿಯೋಣ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಶೇ 99ಕ್ಕಿಂತ ಹೆಚ್ಚು ಒಂದೇ. ಉಳಿದ ಅಲ್ಪ ಭಾಗದಲ್ಲಿ ಕೆಲವು ತಾಣಗಳಿವೆ. ಅಲ್ಲಿ ಮೂರು-ನಾಲ್ಕು ರಾಸಾಯನಿಕ ಅಕ್ಷರಗಳ ಚಿಕ್ಕ ತುಣುಕೊಂದು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ ಹತ್ತು ಸಲ ಬಂದರೆ ಇನ್ನೊಬ್ಬರಲ್ಲಿ ಹದಿನಾಲ್ಕು ಸಲ. ಅಂಥ ಹಲವು ತಾಣಗಳ ಎಣಿಕೆಯನ್ನು ಬರೆದಿಟ್ಟರೆ ಅದೇ ಒಬ್ಬ ವ್ಯಕ್ತಿಯ ಡಿಎನ್‌ಎ ಪ್ರೊಫೈಲ್. ಅಮೆರಿಕದ ರಾಷ್ಟ್ರೀಯ ಸಂಗ್ರಹ ಮೊದಲು 13 ತಾಣಗಳನ್ನು ನೋಡುತ್ತಿತ್ತು, 2017ರಿಂದ 20 ತಾಣಗಳನ್ನು ನೋಡುತ್ತಿದೆ. ಈ ಅಂಕಿಗಳಿಂದ ಯಾರ ರೋಗವನ್ನೂ ಬುದ್ಧಿಯನ್ನೂ ಓದಲಾಗದು. ಆದರೆ ಪ್ರೊಫೈಲ್ ಬೇರೆ, ಮಾದರಿ ಬೇರೆ. ಪ್ರೊಫೈಲ್ ಎಂದರೆ ಒಂದು ಸಾಲು ಸಂಖ್ಯೆ. ಮಾದರಿ ಎಂದರೆ ಎಂಜಲು ಅಥವಾ ರಕ್ತ. ಅದರೊಳಗೆ ಆ ವ್ಯಕ್ತಿಯ ಇಡೀ ಆನುವಂಶಿಕ ಪುಸ್ತಕವಿದೆ. ಅವರ ತಂದೆ, ತಾಯಿ, ಮಕ್ಕಳ ಪುಸ್ತಕದ ಅರ್ಧರ್ಧ ಭಾಗವೂ ಇದೆ. ‘ಬರೀ ನಂಬರು, ಹೆದರಬೇಡಿ’ ಎಂದು ಸರ್ಕಾರಗಳು ಹೇಳುವ ಮಾತು ಪ್ರೊಫೈಲಿಗೆ ಸಲ್ಲುತ್ತದೆ, ಶೈತ್ಯಾಗಾರದಲ್ಲಿ ಉಳಿದ ಮಾದರಿಗೆ ಸಲ್ಲುವುದಿಲ್ಲ.

ಜನರ ಮನಸ್ಸು ಇದನ್ನು ಹೇಗೆ ತೂಗುತ್ತದೆ? 2018ರಲ್ಲಿ ಪ್ಲಾಸ್ ಬಯಾಲಜಿ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಪೊಲೀಸರು ವಂಶಾವಳಿ ಜಾಲತಾಣಗಳಲ್ಲಿ ಆರೋಪಿಯ ಬಂಧುಗಳನ್ನು ಹುಡುಕುವುದಕ್ಕೆ ಶೇ 79 ಮಂದಿ ಬೆಂಬಲ ಸೂಚಿಸಿದರು. ಆದರೆ ಆ ಬೆಂಬಲ ಎಲ್ಲಕ್ಕೂ ಒಂದೇ ಸಮನಾಗಿರಲಿಲ್ಲ. ಹಿಂಸಾತ್ಮಕ ಅಪರಾಧವಾದರೆ ಶೇ 80ರಷ್ಟು ಜನ ಒಪ್ಪಿದರೆ, ಹಿಂಸೆಯಿಲ್ಲದ ಅಪರಾಧವಾದರೆ ಒಪ್ಪಿದವರು ಶೇ 39 ಮಾತ್ರ. ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಬೇರೆ ರೀತಿ ಕೇಳಿತು: ಡಿಎನ್‌ಎ ಪರೀಕ್ಷೆ ಮಾಡುವ ಕಂಪನಿಗಳು ಗ್ರಾಹಕರ ಆನುವಂಶಿಕ ಮಾಹಿತಿಯನ್ನು ಪೊಲೀಸರಿಗೆ ಕೊಡಬಹುದೇ? ಶೇ 48 ಮಂದಿ ಕೊಡಬಹುದು ಎಂದರು, ಶೇ 33 ಮಂದಿ ಬೇಡ ಎಂದರು, ಉಳಿದವರು ಹೇಳಲಾರೆವು ಎಂದರು. ಜನ ಗೊಂದಲದಲ್ಲಿದ್ದಾರೆ, ಕೇಳಿದಂತೆ ಉತ್ತರ ಬದಲಿಸುತ್ತಾರೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಇಲ್ಲಿ ಕಾಣುವುದು ತೂಕದ ಬುದ್ಧಿ. ಕೊಲೆಗೂ ಕಳ್ಳತನಕ್ಕೂ ಒಂದೇ ಅಳತೆ ಬೇಡ, ನಾನು ಒಂದು ಕೆಲಸಕ್ಕೆ ಕೊಟ್ಟದ್ದನ್ನು ನನ್ನನ್ನು ಕೇಳದೆ ಇನ್ನೊಂದಕ್ಕೆ ಬಳಸಬೇಡಿ ಎಂದು ಜನ ಹೇಳುತ್ತಿದ್ದಾರೆ. ನ್ಯಾಯಶಾಸ್ತ್ರ ಪ್ರಮಾಣಬದ್ಧತೆ ಎಂದು ಕರೆಯುವುದೂ ಇದನ್ನೇ.

ಈ ತೂಕವನ್ನು ಕಾನೂನು ಮರೆತರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅನುಭವವೇ ಪಾಠ. ದೇಶವ್ಯಾಪಿ ಡಿಎನ್‌ಎ ಸಂಗ್ರಹವನ್ನು 1995ರಲ್ಲಿ ಮೊದಲು ಆರಂಭಿಸಿದ್ದು ಆ ದೇಶ. ಮುಂದಿನ ವರ್ಷಗಳಲ್ಲಿ ನಿಯಮಗಳು ಒಂದೊಂದಾಗಿ ಸಡಿಲಗೊಂಡವು. ಬಂಧನವಾದರೆ ಸಾಕು ಮಾದರಿ ತೆಗೆಯಬಹುದು, ಖುಲಾಸೆಯಾದರೂ ಇಟ್ಟುಕೊಳ್ಳಬಹುದು ಎಂದಾಯಿತು. ಯುವ ಕಪ್ಪುವರ್ಣೀಯ ಗಂಡಸರು ತಮ್ಮ ಜನಸಂಖ್ಯೆಯ ಪ್ರಮಾಣವನ್ನು ಎಷ್ಟೋ ಮೀರಿ ಸಂಗ್ರಹದಲ್ಲಿ ತುಂಬಿಹೋಗಿದ್ದಾರೆಂದು ಸರ್ಕಾರದ್ದೇ ಸಲಹಾ ಸಂಸ್ಥೆಯಾದ ಮಾನವ ತಳಿವಿಜ್ಞಾನ ಆಯೋಗ 2009ರಲ್ಲಿ ಎಚ್ಚರಿಸಿತು. ಅದಕ್ಕೂ ಮುಂಚೆ, 2008ರ ಡಿಸೆಂಬರ್ 4ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 17 ನ್ಯಾಯಮೂರ್ತಿಗಳು, ಶಿಕ್ಷೆಯಾಗದವರ ಡಿಎನ್‌ಎಯನ್ನು ಗೊತ್ತುಗುರಿಯಿಲ್ಲದೆ ಇಟ್ಟುಕೊಳ್ಳುವುದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದು ಒಮ್ಮತದಿಂದ ತೀರ್ಪಿತ್ತಿದ್ದರು. 2012ರ ಕಾಯ್ದೆಯ ಬಳಿಕ 17 ಲಕ್ಷಕ್ಕೂ ಹೆಚ್ಚು ಪ್ರೊಫೈಲುಗಳು ಅಳಿಸಿಹೋದವು, 77 ಲಕ್ಷಕ್ಕೂ ಹೆಚ್ಚು ಮಾದರಿಗಳು ನಾಶವಾದವು. ಮಾದರಿಯನ್ನು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ನಿಯಮ ಬಂತು, ಮೇಲ್ವಿಚಾರಣೆಗೆ ಸ್ವತಂತ್ರ ಆಯುಕ್ತರೂ ಬಂದರು.

ಇಷ್ಟೆಲ್ಲ ಅಳಿಸಿದರೆ ಅಪರಾಧಿಗಳು ತಪ್ಪಿಸಿಕೊಳ್ಳುವುದಿಲ್ಲವೇ ಎಂಬುದು ಗಂಭೀರವಾದ ಆಕ್ಷೇಪ. ಅತ್ಯಾಚಾರಕ್ಕೀಡಾದವರ, ಕೊಲೆಯಾದವರ ಮನೆಯವರ ಪರವಾಗಿ ಅದನ್ನು ಕೇಳಲೇಬೇಕು. ಉತ್ತರ ಅಂಕಿಅಂಶದಲ್ಲಿದೆ. ಅಳಿಸಿದ ನಂತರದ ವರ್ಷಗಳಲ್ಲೂ ಬ್ರಿಟನ್ನಿನಲ್ಲಿ ಅಪರಾಧ ಸ್ಥಳದ ಪ್ರೊಫೈಲೊಂದನ್ನು ಸಂಗ್ರಹಕ್ಕೆ ಸೇರಿಸಿದಾಗ ಯಾರದಾದರೂ ಹೆಸರಿಗೆ ತಾಳೆಯಾಗುವ ಪ್ರಮಾಣ ಶೇ 60ಕ್ಕಿಂತ ಮೇಲೆಯೇ ಉಳಿಯಿತು. ಕಾರಣ ಸರಳ. ಸಂಗ್ರಹಕ್ಕೆ ಬಲ ಕೊಡುವುದು ಮತ್ತೆ ಮತ್ತೆ ಅಪರಾಧ ಮಾಡುವವರ ಪ್ರೊಫೈಲುಗಳು, ಮತ್ತು ಸ್ಥಳದಿಂದ ಜಾಗರೂಕವಾಗಿ ಎತ್ತಿದ ಸಾಕ್ಷ್ಯ. ನಿರಪರಾಧಿಗಳನ್ನು ಸೇರಿಸಿ ರಾಶಿ ದೊಡ್ಡದು ಮಾಡಿದರೆ ಅದೇ ಅನುಪಾತದಲ್ಲಿ ಕೇಸುಗಳು ಬಗೆಹರಿಯುವುದಿಲ್ಲ.

‘ತಪ್ಪು ಮಾಡದವರು ಹೆದರುವುದೇಕೆ?’ ಎಂಬುದು ಇನ್ನೊಂದು ಮಾತು, ನಮ್ಮಲ್ಲೂ ಬಹಳ ಕೇಳಿಬರುತ್ತದೆ. ಇದಕ್ಕೆ ಜರ್ಮನಿ ಉತ್ತರ ಕೊಟ್ಟಿದೆ. ಅಲ್ಲಿ, ಆಸ್ಟ್ರಿಯ ಮತ್ತು ಫ್ರಾನ್ಸಿನಲ್ಲೂ, ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿತ್ತು. ಹೈಲ್‌ಬ್ರಾನ್ ನಗರದಲ್ಲಿ 2007ರಲ್ಲಿ ನಡೆದ ಪೊಲೀಸ್ ಸಿಬ್ಬಂದಿಯ ಕೊಲೆಯೂ ಅದರಲ್ಲಿ ಸೇರಿತ್ತು. ವರ್ಷಗಟ್ಟಲೆ ಬೆನ್ನಟ್ಟಿದ ಮೇಲೆ, 2009ರಲ್ಲಿ ಅಂಥ ಹಂತಕಿಯೇ ಇಲ್ಲವೆಂದು ಗೊತ್ತಾಯಿತು. ಸಾಕ್ಷ್ಯ ಎತ್ತಲು ಬಳಸುವ ಹತ್ತಿಯ ಕಡ್ಡಿಗಳಿಗೆ ಅವುಗಳ ತಯಾರಿಕೆಯಲ್ಲಿ ತೊಡಗಿದ್ದ ಕೆಲಸಗಾರ್ತಿಯೊಬ್ಬಳ ಡಿಎನ್‌ಎ ಅಂಟಿಕೊಂಡಿತ್ತು. ಡಿಎನ್‌ಎ ಸುಳ್ಳು ಹೇಳುವುದಿಲ್ಲ ಎಂಬುದು ನಿಜ. ಅದು ಅಲ್ಲಿಗೆ ಹೇಗೆ ಬಂತು ಎಂದು ಮಾತ್ರ ಅದು ಹೇಳಲಾರದು. ಸಂಗ್ರಹದಲ್ಲಿ ಹೆಸರಿರುವವರೇ ಇಂಥ ತಪ್ಪಿಗೆ ಮೊದಲು ಈಡಾಗುವವರು. ಹಾಗಾದರೆ ಎಲ್ಲರನ್ನೂ ಸೇರಿಸಿಬಿಟ್ಟರೆ ತಾರತಮ್ಯ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಕುವೈತ್ ಆ ದಾರಿ ಹಿಡಿಯಿತು. 2015ರಲ್ಲಿ ಮಸೀದಿಯೊಂದರ ಮೇಲೆ ಬಾಂಬ್ ದಾಳಿಯಾದ ಬೆನ್ನಿಗೆ, ನಾಗರಿಕರು, ವಲಸಿಗರು, ಪ್ರವಾಸಿಗರೆಲ್ಲ ಡಿಎನ್‌ಎ ಕೊಡಬೇಕೆಂದು ಕಾನೂನು ಮಾಡಿತು. 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಅದನ್ನು ರದ್ದುಮಾಡಿತು. ತಾರತಮ್ಯವನ್ನು ತಪ್ಪಿಸಲು ಎಲ್ಲರನ್ನೂ ಶಂಕಿತರನ್ನಾಗಿ ಮಾಡುವುದು ಪರಿಹಾರವಾಗದು.

ನಂಬಿಕೆ ಮುರಿದರೆ ತನಿಖೆಗೇ ನಷ್ಟ. 2018ರಲ್ಲಿ ಕ್ಯಾಲಿಫೋರ್ನಿಯಾದ ‘ಗೋಲ್ಡನ್ ಸ್ಟೇಟ್’ ಹಂತಕ ದಶಕಗಳ ಬಳಿಕ ಸಿಕ್ಕಿದ್ದು, ಜೆಡ್‌ಮ್ಯಾಚ್ ಎಂಬ ವಂಶಾವಳಿ ತಾಣಕ್ಕೆ ಅವನ ದೂರದ ಬಂಧುಗಳು ಸೇರಿಸಿದ್ದ ಡಿಎನ್‌ಎ ಮಾಹಿತಿಯ ಮೂಲಕ. ಬಹುಜನ ಅದನ್ನು ಮೆಚ್ಚಿದರು. ಮರುವರ್ಷ ಅದೇ ತಾಣ ಕೊಲೆ, ಅತ್ಯಾಚಾರಗಳಿಗಿಂತ ಕಡಿಮೆ ತೂಕದ ಹಲ್ಲೆ ಪ್ರಕರಣವೊಂದಕ್ಕೂ ಬಾಗಿಲು ತೆರೆದಾಗ ವಿರೋಧ ಎದ್ದಿತು. ಬಳಕೆದಾರರು ಸ್ವತಃ ಒಪ್ಪಿದರೆ ಮಾತ್ರ ಪೊಲೀಸರಿಗೆ ಕಾಣುವಂತೆ ತಾಣ ನಿಯಮ ಬದಲಿಸಿತು, ಒಮ್ಮೆಲೇ ಹುಡುಕಾಟಕ್ಕೆ ಸಿಗುವ ಮಾಹಿತಿ ಕುಸಿಯಿತು. ಇದಕ್ಕಿಂತ ನೋವಿನ ಸಂಗತಿ 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಯಲಾಯಿತು. ಅತ್ಯಾಚಾರದ ದೂರು ಕೊಟ್ಟ ಮಹಿಳೆಯೊಬ್ಬರ ಮಾದರಿಯಿಂದಲೇ, ವರ್ಷಗಳ ನಂತರ, ಅವರನ್ನು ಆಸ್ತಿ ಸಂಬಂಧಿ ಅಪರಾಧವೊಂದರಲ್ಲಿ ಸಿಕ್ಕಿಸಲಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಅದನ್ನು ನಿಷೇಧಿಸಿತು. ನೊಂದವರೇ ಮಾದರಿ ಕೊಡಲು ಹೆದರಿದರೆ ಯಾವ ಪ್ರಯೋಗಾಲಯ ಏನು ಮಾಡೀತು?

ಈ ಪಾಠ ನಮಗೆ ದೂರದ್ದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ತೀರ್ಪಿಗಿರುವುದು ಕನ್ನಡಿಗರೊಬ್ಬರ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಇಳಿವಯಸ್ಸಿನಲ್ಲಿ ಆ ಅರ್ಜಿ ಹಾಕಿದ್ದರು. ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪ ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿತು. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂಧಿತರಿಂದ ಜೈವಿಕ ಮಾದರಿ ತೆಗೆಯಲೂ, ದಾಖಲೆಯನ್ನು 75 ವರ್ಷ ಇಡಲೂ ಅವಕಾಶ ಕೊಟ್ಟಿದೆ. ಹಿಂದೆ ಶಿಕ್ಷೆಯಾಗದವರು ಖುಲಾಸೆಯಾದರೆ ದಾಖಲೆ ನಾಶಮಾಡಬೇಕೆಂದೂ ಹೇಳಿದೆ. ಆದರೆ ನಾಶ ಮಾಡಿದ್ದಾರೆಯೇ ಎಂದು ನೋಡುವ ಸ್ವತಂತ್ರ ಸಂಸ್ಥೆಯನ್ನು ಅದು ರಚಿಸಿಲ್ಲ. ಡಿಎನ್‌ಎ ನಿಯಂತ್ರಣ ಮಂಡಳಿ ಸ್ಥಾಪಿಸುವ ಪ್ರಸ್ತಾವವಿದ್ದ 2019ರ ಮಸೂದೆಯನ್ನು ಸರ್ಕಾರ 2023ರ ಜುಲೈನಲ್ಲಿ ಹಿಂಪಡೆಯಿತು. ಹೀಗೆ ತೆಗೆದುಕೊಳ್ಳುವ ಅಧಿಕಾರ ಜಾರಿಯಲ್ಲಿದೆ, ಕಾಯುವ ವ್ಯವಸ್ಥೆ ಕಾಗದದಲ್ಲೂ ಉಳಿದಿಲ್ಲ. ಡಿಎನ್‌ಎ ಸಂಗ್ರಹ ಬೇಡವೆಂದು ನಾನು ಹೇಳಲಾರೆ. ಲೆಸ್ಟರಿನ ಹುಡುಗ ಬದುಕಿದ್ದೇ ಆ ವಿಜ್ಞಾನದಿಂದ. ಗಂಭೀರ ಅಪರಾಧಕ್ಕೆ ಮಾತ್ರ ಸೀಮಿತವಾದ, ಮಾದರಿಯನ್ನು ಬೇಗ ನಾಶಮಾಡುವ, ನಿರಪರಾಧಿಯ ಹೆಸರನ್ನು ಆತ ಕೇಳದೆಯೇ ಅಳಿಸುವ, ಪೊಲೀಸರ ಅಧೀನದಲ್ಲಿರದ ಮೇಲ್ವಿಚಾರಣೆಯುಳ್ಳ ಸಂಗ್ರಹ ಬೇಕು. ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆಗೆ ಈ ಕಾನೂನನ್ನೂ ಕೇಳಿ. ನೀವು ಕೊಡುವ ಒಂದು ತೊಟ್ಟು ಎಂಜಲಿನಲ್ಲಿ ನಿಮ್ಮ ಮಕ್ಕಳ ಪಾಲೂ ಇದೆ.