ಡಿಜಿಟಲ್ ಡ್ಯಾಶ್‌ಬೋರ್ಡ್: ಅಂಕಿ ಸ್ಪಷ್ಟ, ಮಾಹಿತಿ ಸತ್ಯವೇ?

ಹಳೆಯ ಕಾರಿನ ಮುಳ್ಳಿನ ಮೀಟರುಗಳನ್ನು ತೆಗೆದು, ಆ ಜಾಗದಲ್ಲಿ ಹೊಳೆಯುವ ಅಂಕಿಗಳ ಫಲಕವನ್ನು ಕೂರಿಸುವುದು ಕಾರುಪ್ರಿಯರ ಬಹುಕಾಲದ ಹವ್ಯಾಸ. 1976ರಲ್ಲಿ ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಸಂಸ್ಥೆಯು ತನ್ನ ಲಗೊಂಡಾ ಕಾರನ್ನು ಡಿಜಿಟಲ್ ಫಲಕದೊಡನೆ ಪ್ರದರ್ಶಿಸಿದಾಗ ಅದೊಂದು ಅಚ್ಚರಿಯಾಗಿತ್ತು. ಇಂದು 12 ವೋಲ್ಟ್ ಬ್ಯಾಟರಿಯಿರುವ ಬಹುತೇಕ ಹಳೆಯ ಕಾರುಗಳಿಗೆ ಒಗ್ಗುವ ಫಲಕಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಆದರೆ ಫಲಕವು ತಾನಾಗಿ ಏನನ್ನೂ ಅಳೆಯುವುದಿಲ್ಲ. ಸೆನ್ಸರ್ ಕಳುಹಿಸುವ ವಿದ್ಯುತ್ ಸಂಕೇತವನ್ನು ಅಂಕಿಯಾಗಿ ತೋರಿಸುವುದಷ್ಟೇ ಅದರ ಕೆಲಸ. ವೈರಿಂಗ್ ಕೆಟ್ಟರೆ ಅಂಕಿಯೂ ಕೆಡುತ್ತದೆ. ಹಲವು ಸಂದರ್ಭಗಳಲ್ಲಿ ಆ ತಪ್ಪು ಅಂಕಿಯು ಚಾಲಕನನ್ನು ಎಚ್ಚರಿಸುವ ಬದಲು ಸಮಾಧಾನಪಡಿಸುತ್ತದೆ ಎಂಬುದೇ ಇಲ್ಲಿರುವ ಅಪಾಯ.

ಇಂಧನದ ಲೆಕ್ಕ: ಟ್ಯಾಂಕಿನೊಳಗಿನ ತೇಲುಬುರುಡೆಯು ಪೆಟ್ರೋಲಿನ ಮಟ್ಟಕ್ಕೆ ತಕ್ಕಂತೆ ಏರಿಳಿಯುತ್ತ, ತನಗೆ ಜೋಡಿಸಿದ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಈ ರೋಧದ ಅಳತೆ ಎಲ್ಲ ಕಾರುಗಳಲ್ಲಿಯೂ ಒಂದೇ ಅಲ್ಲ. 1970ರ ದಶಕದ ಅಮೆರಿಕನ್ ಷೆವರ್ಲೆ ಕಾರುಗಳಲ್ಲಿ ಟ್ಯಾಂಕ್ ಬರಿದಾದಾಗ 0 ಓಂ, ತುಂಬಿದಾಗ 90 ಓಂ. ಮಾರುಕಟ್ಟೆಯ ಹಲವು ಬದಲಿ ಸೆನ್ಸರುಗಳಲ್ಲಿ ಇದು ತಿರುವುಮುರುವು: ಬರಿದಾದಾಗ 240, ತುಂಬಿದಾಗ 33 ಓಂ. ಈ ಎರಡನೆಯ ಅಳತೆಗೆ ಹೊಂದಿಸಿದ ಫಲಕಕ್ಕೆ ಷೆವರ್ಲೆ ಟ್ಯಾಂಕಿನ ತಂತಿಯನ್ನು ಜೋಡಿಸಿದರೆ, ಬರಿದಾದ ಟ್ಯಾಂಕು ಪೂರ್ತಿ ತುಂಬಿದಂತೆ ಕಾಣುತ್ತದೆ. ಆದ್ದರಿಂದ ಫಲಕದ ಸೆಟ್ಟಿಂಗಿನಲ್ಲಿ ಸೆನ್ಸರಿಗೆ ಹೊಂದುವ ಅಳತೆಯನ್ನು ಆರಿಸುವುದೇ ಮೊದಲ ಕೆಲಸ.

ಅರ್ಥಿಂಗ್ ಎಂಬ ಮರುದಾರಿ: ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬ್ಯಾಟರಿಗೇ ಮರಳಬೇಕು. ಕಾರಿನಲ್ಲಿ ಈ ಮರುದಾರಿಯ ಬಹುಪಾಲು ಕಾರಿನ ಲೋಹದ ಮೈಯೇ ಆಗಿದೆ. ಟ್ಯಾಂಕಿನ ಅರ್ಥಿಂಗ್ ಸ್ಕ್ರೂವಿಗೆ ತುಕ್ಕು ಹಿಡಿದು 15 ಓಂ ರೋಧ ಸೇರಿಕೊಂಡಿತೆನ್ನೋಣ. ಷೆವರ್ಲೆಯ 0-90 ಅಳತೆಯಲ್ಲಿ ಅದು ಆರನೆಯ ಒಂದು ಭಾಗದಷ್ಟು ಇಂಧನಕ್ಕೆ ಸಮ. ಫಲಕದಲ್ಲಿ ಇನ್ನೂ ಪೆಟ್ರೋಲ್ ಇರುವಾಗಲೇ ಕಾರು ಹೆದ್ದಾರಿಯ ಮಧ್ಯೆ ನಿಲ್ಲುತ್ತದೆ.

ಎಂಜಿನ್ನಿನ ಶಾಖವನ್ನು ಅಳೆಯುವ ಸೆನ್ಸರಿನ ಕಥೆಯೂ ಇದೇ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,500 ಓಂ ಇರುವ ರೋಧವು 100 ಡಿಗ್ರಿಯಲ್ಲಿ 200 ಓಂಗಿಂತ ಕೆಳಗಿಳಿಯುತ್ತದೆ. ಒಂದೇ ತಂತಿಯ ಸೆನ್ಸರುಗಳಿಗೆ ತಿರುಪಿನ ಹಲ್ಲುಗಳೇ ಅರ್ಥಿಂಗ್. ನೀರು ಸೋರದಿರಲೆಂದು ಅವುಗಳಿಗೆ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ಸಂಪರ್ಕವೇ ದುರ್ಬಲವಾಗುತ್ತದೆ. ಹಾಗೆ ಸೇರಿಕೊಂಡ ಹೆಚ್ಚುವರಿ ರೋಧವನ್ನು ಫಲಕವು 'ತಂಪು' ಎಂದು ಓದುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಅಂಕಿ ಮಾತ್ರ ಶಾಂತ.

ಆಯಿಲ್ ಒತ್ತಡದ ವಿಷಯದಲ್ಲಿ ತಪ್ಪಿನ ಬೆಲೆ ಎಲ್ಲಕ್ಕಿಂತ ದುಬಾರಿ. ಮೂರು ತಂತಿಗಳ ಸೆನ್ಸರು 5 ವೋಲ್ಟ್ ಪಡೆದು, ಒತ್ತಡಕ್ಕೆ ಅನುಗುಣವಾಗಿ 0.5ರಿಂದ 4.5 ವೋಲ್ಟ್ ಸಂಕೇತವನ್ನು ಹಿಂದಿರುಗಿಸುತ್ತದೆ. 10 ಬಾರ್ ಅಳತೆಯ ಸೆನ್ಸರಿನಲ್ಲಿ ಪ್ರತಿ ಬಾರ್‌ಗೆ 0.4 ವೋಲ್ಟ್. ಸೆನ್ಸರಿನ ಅರ್ಥಿಂಗನ್ನು ಎಂಜಿನ್ನಿಗೂ ಫಲಕದ ಅರ್ಥಿಂಗನ್ನು ಬೇರೆಡೆಗೂ ಕೊಟ್ಟು, ಎರಡರ ನಡುವೆ 0.2 ವೋಲ್ಟ್ ಅಂತರ ಉಂಟಾದರೆ ಅಂಕಿಯಲ್ಲಿ ಅರ್ಧ ಬಾರ್ ಹೆಚ್ಚಾಗಿ ಕಾಣಬಹುದು. ಬಿಸಿಯಾದ ಎಂಜಿನ್ ನಿಂತಲ್ಲೇ ತಿರುಗುವಾಗ ಅದರ ಒತ್ತಡ ಸುಮಾರು ಒಂದು ಬಾರ್ ಇರುವುದುಂಟು. ಅದು ಅರ್ಧಕ್ಕೆ ಕುಸಿದರೂ ಫಲಕ ಒಂದೆಂದೇ ತೋರಿಸಿದರೆ, ಬೇರಿಂಗುಗಳು ಸವೆದು ಸದ್ದು ಮಾಡುವವರೆಗೆ ಚಾಲಕನಿಗೆ ಸುಳಿವು ಸಿಗದು. ಆದ್ದರಿಂದ ಮೂರು ತಂತಿಗಳ ಸೆನ್ಸರಿನ ಅರ್ಥಿಂಗ್ ತಂತಿಯನ್ನು ಕಾರಿನ ಮೈಗೆ ಕಟ್ಟದೆ, ಫಲಕದಲ್ಲಿ ಅದಕ್ಕೆಂದೇ ಇರುವ ತುದಿಗೆ ಒಯ್ಯುವುದು ಸರಿಯಾದ ಕ್ರಮ.

ವೇಗದ ಸಂಕೇತಗಳು: ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರುತ್ತವೆ. ಫಲಕ ಇವುಗಳನ್ನೇ ಎಣಿಸುತ್ತದೆ. ಸೆಟ್ಟಿಂಗಿನಲ್ಲಿ ತಪ್ಪಿ ಎಂಟು ಸಿಲಿಂಡರ್ ಎಂದು ಆರಿಸಿದರೆ 1,500 ಎಂದು ತೋರುತ್ತದೆ. ಇಗ್ನಿಷನ್ ಕಾಯಿಲ್‌ನ ತಂತಿಯಲ್ಲಿ ಕ್ಷಣಮಾತ್ರ ನೂರಾರು ವೋಲ್ಟುಗಳ ಏರಿಳಿತವಿರುವುದರಿಂದ, ಸೆನ್ಸರ್ ತಂತಿಗಳನ್ನು ಅದರೊಂದಿಗೆ ಒಂದೇ ಕಟ್ಟಿನಲ್ಲಿ ಒಯ್ಯಬಾರದು. ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು.

ಫಲಕಕ್ಕೆ ಸಾಮಾನ್ಯವಾಗಿ ಎರಡು ವಿದ್ಯುತ್ ತಂತಿಗಳು ಬೇಕು: ನೆನಪಿಗಾಗಿ ಬ್ಯಾಟರಿಯಿಂದ ನೇರವಾಗಿ ಒಂದು, ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯುವ ಇನ್ನೊಂದು. ನೇರ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರುವುದು ಕಡ್ಡಾಯ. ಇಲ್ಲವಾದರೆ ತಂತಿ ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದಾಗ ಬೆಂಕಿ ಹತ್ತಬಹುದು.

ಪರೀಕ್ಷೆಯ ಕ್ರಮ: ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ, ಫಲಕದ ಅರ್ಥಿಂಗ್ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಅದು 0.1 ವೋಲ್ಟ್ ಮೀರಿದರೆ ಸಂಪರ್ಕಗಳನ್ನು ಉಜ್ಜಿ ಶುಚಿಗೊಳಿಸುವುದು ಅಗತ್ಯ. ಶಾಖದ ಸೆನ್ಸರನ್ನು ಎಂಜಿನ್ನಿಗೆ ಕೂರಿಸುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಮಂಗಳೂರಿನಲ್ಲಿ 100 ಡಿಗ್ರಿ ತೋರುವ ಸೆನ್ಸರು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ತೋರಿದರೆ ಅದು ದೋಷವಲ್ಲ. ಅಲ್ಲಿ ನೀರು ಕುದಿಯುವುದೇ ಅಷ್ಟು ಬಿಸಿಗೆ. ಆಯಿಲ್ ಒತ್ತಡವನ್ನು ಮಾತ್ರ ಮೆಕ್ಯಾನಿಕ್‌ಗಳ ಬಳಿಯಿರುವ ಯಾಂತ್ರಿಕ ಗೇಜಿನೊಡನೆ ಒಮ್ಮೆ ಹೋಲಿಸಿಯೇ ನಂಬಬೇಕು.

ಹೊಸ ಕಾರುಗಳಲ್ಲಿ ಈ ಶ್ರಮ ಕಡಿಮೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಡ್ಡಾಯವಾದ ಒಬಿಡಿ-2 ಸಂಪರ್ಕವು ಇಂದು ಭಾರತದ ಹೊಸ ಕಾರುಗಳಲ್ಲೂ ಇದೆ. ವೇಗ, ಸುತ್ತು, ಶಾಖಗಳ ಮಾಹಿತಿ ಒಂದೂ ತಂತಿ ಕತ್ತರಿಸದೆ ಅಲ್ಲಿಂದಲೇ ಲಭ್ಯ. ಆದರೆ ಆಯಿಲ್ ಒತ್ತಡವು ಅದರ ನಿಗದಿತ ಪಟ್ಟಿಯಲ್ಲಿಲ್ಲ. ಅದಕ್ಕೆ ಪ್ರತ್ಯೇಕ ಸೆನ್ಸರೇ ಬೇಕು.

ಅನುಭವಿ ಮೆಕ್ಯಾನಿಕ್‌ಗಳು ಹೊಸ ಫಲಕ ಕೂರಿಸುವಾಗಲೂ ಆಯಿಲ್ಲಿನ ಹಳೆಯ ಕೆಂಪು ದೀಪವನ್ನೂ ಅದರ ಸ್ವಿಚ್ಚನ್ನೂ ಕಿತ್ತು ಹಾಕದಿರುವುದು ಈ ಕಾರಣಕ್ಕಾಗಿಯೇ. ಒತ್ತಡ ಎಷ್ಟೆಂದು ಆ ದೀಪ ಹೇಳಲಾರದು. ಇಲ್ಲವಾದಾಗ ಮಾತ್ರ ಫಲಕದ ಹಂಗಿಲ್ಲದೆ ಹೇಳುತ್ತದೆ.